ಅರವತ್ತು ಕೆಜಿಯಲ್ಲೇ ನಿಂತ ಹದಿನಾಲ್ಕು ವಾರ

ಜಿಮ್‌ಗೆ ಸೇರಿದ ಮೊದಲ ಮೂರು ತಿಂಗಳು ಎಲ್ಲರಿಗೂ ಚೆನ್ನಾಗೇ ಇರುತ್ತೆ. ವಾರ ವಾರ ಎತ್ತೋ ಭಾರ ಏರುತ್ತೆ, ಬಟ್ಟೆ ಸಡಿಲ ಆಗುತ್ತೆ, ಮೆಟ್ಟಿಲು ಹತ್ತುವಾಗ ಏದುಸಿರು ಕಡಿಮೆಯಾಗುತ್ತೆ. ಆಮೇಲೆ ಒಂದು ದಿನ ಎಲ್ಲಾ ನಿಂತುಬಿಡುತ್ತೆ. ಅದೇ ಬೆವರು, ಅದೇ ಫೀಸು, ಅದೇ ಬೆಳಗಿನ ಅಲಾರಾಂ. ಫಲ ಮಾತ್ರ ಇಲ್ಲ. ನನಗೆ ಗೊತ್ತಿರೋರಲ್ಲಿ ಸೋಮಾರಿತನದಿಂದ ಜಿಮ್ ಬಿಟ್ಟವರಿಗಿಂತ ಈ ಹಂತಕ್ಕೆ ಬಂದು ಬೇಸತ್ತು ಬಿಟ್ಟವರೇ ಜಾಸ್ತಿ. ಈ ಹಂತಕ್ಕೆ ಇಂಗ್ಲಿಷಿನಲ್ಲಿ ಪ್ಲಾಟೂ ಅಂತಾರೆ. ಬೆಟ್ಟ ಹತ್ತುತ್ತಾ ಹತ್ತುತ್ತಾ ಸಿಗೋ ಸಮತಟ್ಟು ಜಾಗ.

ನಾನು ಅಲ್ಲಿ ಹದಿನಾಲ್ಕು ವಾರ ಕಳೆದೆ.

ನನ್ನ ಬಗ್ಗೆ ಎರಡು ಮಾತು. ಸಾಫ್ಟ್‌ವೇರ್ ಎಂಜಿನಿಯರ್, ವಯಸ್ಸು ಮೂವತ್ತು. ಕೋಲಾರ ತಾಲ್ಲೂಕಿನ ಹುತ್ತೂರಿನಲ್ಲಿ ಅಪ್ಪ-ಅಮ್ಮನ ಜತೆ ಇದ್ದೀನಿ. ವಾರಕ್ಕೆರಡು ದಿನ ವೈಟ್‌ಫೀಲ್ಡ್ ಆಫೀಸು, ಮಿಕ್ಕ ದಿನ ಮನೆಯಿಂದಲೇ ಕೆಲಸ. ಜಿಮ್ ಇರೋದು ಕೋಲಾರದಲ್ಲಿ. ಬೆಳಿಗ್ಗೆ ಸ್ಕೂಟಿಯಲ್ಲಿ ಹೋಗಿ, ಸ್ಟ್ಯಾಂಡ್‌ಅಪ್ ಮೀಟಿಂಗ್ ಹೊತ್ತಿಗೆ ವಾಪಸ್ ಬರ್ತೀನಿ.

ಅಮ್ಮನ ಮಣಿಕಟ್ಟು

ನಾನು ಭಾರ ಎತ್ತೋಕೆ ಶುರು ಮಾಡಿದ್ದು ತೆಳ್ಳಗಾಗೋಕಲ್ಲ. ಎರಡೂವರೆ ವರ್ಷದ ಹಿಂದೆ ಅಮ್ಮ ಕೊಟ್ಟಿಗೆಯಲ್ಲಿ ಜಾರಿದಳು. ಎತ್ತರದಿಂದೇನೂ ಬಿದ್ದಿಲ್ಲ, ನಿಂತಲ್ಲೇ ಜಾರಿ ಕೈ ಊರಿದಳು, ಅಷ್ಟೇ. ಮಣಿಕಟ್ಟಿನ ಮೂಳೆ ಮುರಿಯಿತು. ಅಷ್ಟು ಸಣ್ಣ ಏಟಿಗೆ ಮುರಿಯಬಾರದಿತ್ತು ಅಂತ ಡಾಕ್ಟರು ಮೂಳೆಯ ಸಾಂದ್ರತೆ ನೋಡೋ ಸ್ಕ್ಯಾನ್ ಬರೆದುಕೊಟ್ಟರು. ಐವತ್ತಾರು ವರ್ಷಕ್ಕೆ ಮೂಳೆ ಸವೆದಿತ್ತು.

ನನಗೆ ನಂಬೋಕೆ ಆಗಲಿಲ್ಲ. ಹುಲ್ಲಿನ ಹೊರೆ ಹೊತ್ತವಳು, ಟೊಮೆಟೊ ಕ್ರೇಟ್ ಎತ್ತಿ ಟೆಂಪೋಗೆ ಹಾಕಿದವಳು, ಎರಡು ಹಸು ಸಾಕಿದವಳು. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಮೂಳೆ ಬೇಗ ಸವೆಯುತ್ತೆ, ಜತೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ, ಭಾರದ ಕೆಲಸ ಎಲ್ಲಾ ಲೆಕ್ಕಕ್ಕೆ ಬರುತ್ತೆ ಅಂತ ಡಾಕ್ಟರು ಬಿಡಿಸಿ ಹೇಳಿದರು. ನಮ್ಮನೆ ಲೆಕ್ಕ ನೋಡಿದರೆ ಇಷ್ಟೇ: ಹಾಲು ಡೈರಿಗೆ, ಅಮ್ಮನಿಗೆ ಟೀ. ಟೊಮೆಟೊ ಬೇಸಾಯ ಬಿಟ್ಟ ಮೇಲೆ ಭಾರದ ಕೆಲಸವೂ ಕಡಿಮೆ ಆಗಿತ್ತು.

ಅವತ್ತು ಡಾಕ್ಟರು ನನ್ನ ಕಡೆ ತಿರುಗಿ ಒಂದು ಮಾತು ಸೇರಿಸಿದರು. ಮೂಳೆಯ ಉಳಿತಾಯ ಖಾತೆಗೆ ದುಡ್ಡು ಹಾಕೋ ವಯಸ್ಸು ಹೆಚ್ಚುಕಡಿಮೆ ಮೂವತ್ತರೊಳಗೆ, ಆಮೇಲೆ ಖರ್ಚು ಕಡಿಮೆ ಮಾಡೋದೇ ಕೆಲಸ. ಮಾಂಸಖಂಡಕ್ಕೂ ಹಾಗೇ. ಮೂವತ್ತು ದಾಟಿದ ಮೇಲೆ ಸುಮ್ಮನೆ ಕೂತರೆ ಹತ್ತು ವರ್ಷಕ್ಕೆ ಸುಮಾರು ಶೇ 3ರಿಂದ 8ರಷ್ಟು ಕರಗುತ್ತೆ ಅಂತ ಲೆಕ್ಕ. ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲಿ ಕೂರೋ ನನಗೆ ಅಮ್ಮ ಹೊತ್ತ ಹೊರೆಯ ಕಾಲು ಭಾಗವೂ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲೂ ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆಯ ಜತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲದ ವ್ಯಾಯಾಮ ಬೇಕು ಅಂತಿದೆ. ಆ ಎರಡನೇ ಭಾಗವನ್ನು ನಮ್ಮ ಕಡೆ ಹೆಂಗಸರಿಗೆ ಯಾರೂ ಹೇಳೋದಿಲ್ಲ.

ಬೀದಿಯಲ್ಲಿ ಮಾತು ಬರದೇ ಇರಲಿಲ್ಲ. ಪಕ್ಕದ್ಮನೆ ಅತ್ತೆ ಒಂದ್ಸಲ, "ಮದುವೆ ಆಗೋ ಹುಡುಗಿ ಅಷ್ಟು ಭಾರ ಎತ್ತಿದ್ರೆ ಮುಂದೆ ಮಕ್ಕಳಾಗೋದು ಕಷ್ಟ ಅಲ್ವೇನಮ್ಮ?" ಅಂದರು. ಕೈಗೆ ಪಟ್ಟಿ ಕಟ್ಕೊಂಡು ಕೂತಿದ್ದ ಅಮ್ಮ, "ಇವಳು ಹೊಟ್ಟೇಲಿದ್ದಾಗ ಎಂಟನೇ ತಿಂಗಳವರೆಗೂ ಹುಲ್ಲು ಹೊತ್ತಿದ್ದೀನಿ, ಹುಟ್ಟಿಲ್ವಾ ಇವಳು?" ಅಂದಳು. ಆಮೇಲೆ ಆ ಮಾತು ಬರಲಿಲ್ಲ.

ದಿನಾ ಕರು ಎತ್ತಿದರೆ

ಶುರು ಮಾಡಿದಾಗ ಡೆಡ್‌ಲಿಫ್ಟ್‌ನಲ್ಲಿ ನಾನು ಎತ್ತುತ್ತಿದ್ದದ್ದು 30 ಕೆಜಿ. ಡೆಡ್‌ಲಿಫ್ಟ್ ಅಂದರೆ ನೆಲದ ಮೇಲಿರೋ ಕಂಬಿಯನ್ನು ಬೆನ್ನು ನೇರ ಇಟ್ಕೊಂಡು ಎತ್ತಿ ನಿಲ್ಲೋದು. ನಾಲ್ಕು ತಿಂಗಳಲ್ಲಿ 60 ಕೆಜಿ ಐದು ಸಲ ಎತ್ತುವ ಹಾಗಾಯ್ತು. ನನ್ನ ತೂಕ 58. ನನ್ನ ಮೈಭಾರಕ್ಕಿಂತ ಜಾಸ್ತಿ ಎತ್ತಿದ ಖುಷಿಗೆ ಜಹಾಂಗೀರ್ ತಂದು ಹಂಚಿದೆ. ಆಮೇಲೆ 65 ಹಾಕಿದರೆ ಒಂದು ಸಲ ಏಳುತ್ತೆ, ಎರಡನೇ ಸಲಕ್ಕೆ ನೆಲ ಬಿಡೋದಿಲ್ಲ. ಮುಂದಿನ ವಾರ 60. ಅದರ ಮುಂದಿನ ವಾರ 60. ನೋಟ್‌ಬುಕ್ಕಿನ ಒಂದು ಪುಟ ಪೂರ್ತಿ ಅದೇ ಅಂಕಿ.

ಜಿಮ್ಮಿನ ಕೋಚ್ ಹುಡುಗ ಒಳ್ಳೆಯವನು. ಆದರೆ ಅವನ ಹತ್ತಿರ ಇದ್ದದ್ದು ಒಂದೇ ಮಂತ್ರ: "ಅಕ್ಕಾ, ಇನ್ನೂ ಜೋರಾಗಿ ಪುಶ್ ಮಾಡಿ."

ಯಾಕೆ ನಿಲ್ಲುತ್ತೆ ಅಂತ ಓದೋಕೆ ಕೂತೆ. ವ್ಯಾಯಾಮದ ಪುಸ್ತಕಗಳಲ್ಲಿ ಪದೇ ಪದೇ ಬರೋ ಒಂದು ಗ್ರೀಕ್ ಕಥೆ ಇದೆ. ಮೈಲೋ ಅನ್ನೋ ಪೈಲ್ವಾನ್ ಒಂದು ಕರುವನ್ನು ಹುಟ್ಟಿದ ದಿನದಿಂದ ದಿನಾ ಎತ್ತುತ್ತಾ ಬಂದನಂತೆ. ಕರು ಹೋರಿ ಆದಾಗಲೂ ಎತ್ತುತ್ತಿದ್ದನಂತೆ. ದಿನಾ ಸ್ವಲ್ಪ ಸ್ವಲ್ಪ ಏರಿಸಿದರೆ ಶಕ್ತಿಯೂ ಏರುತ್ತೆ ಅನ್ನೋದು ನೀತಿ. ಹಸು ಸಾಕಿದ ಮನೆಯವರಿಗೆ ಈ ಕಥೆ ಕೇಳಿದರೆ ನಗು ಬರುತ್ತೆ. ನಮ್ಮನೆ ಎಚ್‌ಎಫ್ ಕ್ರಾಸ್ ಕರು ಹುಟ್ಟಿದಾಗ ಮೂವತ್ತು ಕೆಜಿ ಇರಬಹುದು. ಚೆನ್ನಾಗಿ ಹಾಲು ಬಿಟ್ಟರೆ ದಿನಕ್ಕೆ ಸುಮಾರು ಅರ್ಧ ಕೆಜಿ ಬೆಳೆಯುತ್ತೆ. ಮೂರು ತಿಂಗಳಿಗೆ ಎಪ್ಪತ್ತೈದು, ಒಂದು ವರ್ಷಕ್ಕೆ ಇನ್ನೂರು ದಾಟುತ್ತೆ. ಯಾವ ಮನುಷ್ಯನೂ ಕರುವಿನ ವೇಗದಲ್ಲಿ ಬೆಳೆಯೋದಿಲ್ಲ. ಮೊದಲ ಮೂರು ತಿಂಗಳು ಜತೆಗೆ ಓಡಬಹುದು, ಆಮೇಲೆ ಕರು ಮುಂದೆ ಹೋಗುತ್ತೆ.

ಆ ಮೊದಲ ಮೂರು ತಿಂಗಳ ಓಟಕ್ಕೂ ಕಾರಣ ಇದೆ. ಶುರುವಿನ ವಾರಗಳ ಏರಿಕೆಯಲ್ಲಿ ದೊಡ್ಡ ಪಾಲು ಸ್ನಾಯು ದಪ್ಪ ಆಗಿದ್ದರಿಂದ ಬರೋದಲ್ಲ; ಇರೋ ಸ್ನಾಯುವನ್ನು ಒಟ್ಟಿಗೆ ದುಡಿಸೋದನ್ನ ನರಗಳು ಕಲಿಯೋದರಿಂದ ಬರುತ್ತೆ. ಸೈಕಲ್ ಕಲಿತ ಹಾಗೆ. ಆ ಕಲಿಕೆ ಬೇಗ ಮುಗಿಯುತ್ತೆ. ಆಮೇಲೆ ನಿಜವಾಗಿ ಸ್ನಾಯು ಕಟ್ಟಬೇಕು, ಅದಕ್ಕೆ ಸಾಮಾನು ಬೇಕು, ಸಮಯ ಬೇಕು.

ಇನ್ನೊಂದು ವಿಷಯ 1936ರಲ್ಲಿ ಹ್ಯಾನ್ಸ್ ಸೆಲ್ಯೆ ಅನ್ನೋ ವಿಜ್ಞಾನಿ 'ನೇಚರ್' ಪತ್ರಿಕೆಗೆ ಬರೆದ ಒಂದು ಪುಟ್ಟ ಪತ್ರದಲ್ಲಿದೆ. ಇಲಿಗಳ ಮೇಲೆ ಮಾಡಿದ ಪ್ರಯೋಗ ಅದು. ಒತ್ತಡ ಬಿದ್ದಾಗ ಮೈ ಮೊದಲು ಗಾಬರಿ ಬೀಳುತ್ತೆ, ಆಮೇಲೆ ಹೊಂದಿಕೊಳ್ಳುತ್ತೆ, ಒತ್ತಡ ಬಿಡದೇ ಇದ್ದರೆ ಕೊನೆಗೆ ಬಳಲಿ ಕುಸಿಯುತ್ತೆ. ವ್ಯಾಯಾಮ ಕೂಡ ಒಂದು ಒತ್ತಡವೇ. ಜಿಮ್ಮಿನಲ್ಲಿ ನಮಗೆ ಶಕ್ತಿ ಬರೋದಿಲ್ಲ, ಸುಸ್ತು ಬರುತ್ತೆ. ಶಕ್ತಿ ಬರೋದು ಆಮೇಲೆ, ಊಟದಲ್ಲಿ, ನಿದ್ದೆಯಲ್ಲಿ.

ಬೋರ್‌ವೆಲ್ ಹೇಳೋ ಪಾಠ

ಕೋಲಾರದ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ವರ್ಷಪೂರ್ತಿ ಹರಿಯೋ ನದಿ ಇಲ್ಲದ ಜಿಲ್ಲೆ ನಮ್ಮದು. ಬೋರ್‌ವೆಲ್ ನಿಂತರೆ ಎಲ್ಲರೂ ಮಾಡುತ್ತಿದ್ದದ್ದು ಒಂದೇ: ಇನ್ನೂ ಆಳಕ್ಕೆ ಕೊರೆಸೋದು. ಸಾವಿರ ಅಡಿ, ಸಾವಿರದ ಇನ್ನೂರು ಅಡಿ. ಸಾಲ ಮಾಡಿ ಕೊರೆಸಿದ ಎಷ್ಟೋ ಬೋರುಗಳಲ್ಲಿ ಬಂದದ್ದು ಬರೀ ಧೂಳು.

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಮೊದಲ ಸಲ ನಮ್ಮ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ, ದಿನಕ್ಕೆ 440 ದಶಲಕ್ಷ ಲೀಟರ್‌ನಷ್ಟು ನಮ್ಮ ಕಡೆಯ ಕೆರೆಗಳಿಗೆ ತುಂಬಿಸೋ ಯೋಜನೆ ಅದು. ಆ ನೀರಿನ ಗುಣಮಟ್ಟದ ಬಗ್ಗೆ ಜಗಳ, ಕೋರ್ಟು ಎಲ್ಲಾ ನಡೆದಿದೆ. ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನೋ ಬೇಡಿಕೆ ನ್ಯಾಯವಾದದ್ದೇ. ಆದರೆ ಕೆರೆ ತುಂಬಿದ ಕಡೆ ಸುತ್ತಲಿನ ಬತ್ತಿದ ಬೋರುಗಳಲ್ಲಿ ನೀರು ಮೇಲಕ್ಕೆ ಬಂದದ್ದನ್ನು ಎಲ್ಲರೂ ಕಂಡರು. ಕೊರೆದಿದ್ದರಿಂದ ಬಂದ ನೀರಲ್ಲ ಅದು, ತುಂಬಿಸಿದ್ದರಿಂದ ಬಂದದ್ದು.

ಪುಟ ಪೂರ್ತಿ 60 ಅಂತ ಬರೆದಿದ್ದ ನೋಟ್‌ಬುಕ್ ಮುಂದಿಟ್ಕೊಂಡಾಗ ನನಗೆ ನೆನಪಾದದ್ದು ಇದು. "ಇನ್ನೂ ಜೋರಾಗಿ" ಅನ್ನೋದು ಇನ್ನೂ ಆಳಕ್ಕೆ ಕೊರೆಯೋ ಲೆಕ್ಕ. ಮೊದಲು ಕೆರೆಯಲ್ಲಿ ಎಷ್ಟಿದೆ ಅಂತ ನೋಡೋಣ ಅಂದುಕೊಂಡೆ.

ಒಂದು ಸಲಕ್ಕೆ ಒಂದೇ ಬದಲಾವಣೆ

ಕೋಡ್‌ನಲ್ಲಿ ಬಗ್ ಹುಡುಕುವಾಗ ನಾವು ಒಟ್ಟಿಗೆ ಐದು ಕಡೆ ಕೈ ಹಾಕೋದಿಲ್ಲ. ಒಂದು ಬದಲಾಯಿಸಿ, ಓಡಿಸಿ, ನೋಡಿ, ಆಮೇಲೆ ಇನ್ನೊಂದು. ಅದೇ ಕ್ರಮ ಇಟ್ಕೊಂಡೆ.

ಮೊದಲನೆಯದು ವಿಶ್ರಾಂತಿಯ ವಾರ. ಜಿಮ್ ಬಿಡೋದಲ್ಲ, ಹೋಗೋದು, ಆದರೆ 60ರ ಬದಲು 35 ಕೆಜಿ, ಸೆಟ್‌ಗಳೂ ಅರ್ಧ. ಇದಕ್ಕೆ ಡಿಲೋಡ್ ಅಂತಾರೆ. ಹೇಳೋಕೆ ಸುಲಭ, ಮಾಡೋಕೆ ತುಂಬಾ ಕಷ್ಟ. ಪಕ್ಕದಲ್ಲಿ ಹೊಸದಾಗಿ ಸೇರಿದ ಕಾಲೇಜು ಹುಡುಗಿ 40 ಎತ್ತುವಾಗ ನಾವು 35 ಎತ್ತಿ ಸುಮ್ಮನೆ ಮನೆಗೆ ಬರಬೇಕು. ಬಿಡುವಿನ ದಿನ ಸೂರ್ಯನಮಸ್ಕಾರ ಮಾತ್ರ.

ಸೂರ್ಯನಮಸ್ಕಾರ ಅಂದಾಗ ಒಬ್ಬರನ್ನು ನೆನೆಯಲೇಬೇಕು. ಕೆ.ವಿ. ಅಯ್ಯರ್. ಅವರ ಹೆಸರಿನ 'ಕೆ' ಅಂದರೆ ಕೋಲಾರ. 1897ರಲ್ಲಿ ನಮ್ಮ ಜಿಲ್ಲೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದವರೂ ಇವರೇ. ಕಾಲೇಜು ಲೈಬ್ರರಿಯಲ್ಲಿ 'ರೂಪದರ್ಶಿ' ಓದಿದಾಗ ಲೇಖಕರು ದೇಹದಾರ್ಢ್ಯದ ಗುರು ಅಂತ ನನಗೆ ಗೊತ್ತಿರಲಿಲ್ಲ. 1930ರಲ್ಲಿ 'ಮಸಲ್ ಕಲ್ಟ್' ಅನ್ನೋ ಇಂಗ್ಲಿಷ್ ಪುಸ್ತಕ ತಂದರು. ಮುಂದೆ ಸೂರ್ಯನಮಸ್ಕಾರದ ಮೇಲೂ ಬರೆದರು. ಅಂಚೆಯಲ್ಲೇ ಪಾಠ ಕಳಿಸಿ ದೂರದೂರಿನವರಿಗೆ ವ್ಯಾಯಾಮ ಕಲಿಸಿದರು. ಇವತ್ತಿನ ಆನ್‌ಲೈನ್ ಕೋಚಿಂಗ್ ಅಂದುಕೊಳ್ಳಿ. ಕಬ್ಬಿಣ ಎತ್ತೋದು ಬೇರೆ, ಆಸನ ಬೇರೆ ಅಂತ ಅವರು ಭಾಗ ಮಾಡಲಿಲ್ಲ, ಎರಡನ್ನೂ ಒಂದೇ ಶಾಲೆಯಲ್ಲಿ ಜೋಡಿಸಿದರು. ಭಾರದ ವ್ಯಾಯಾಮ ಪೇಟೆಯವರ ಶೋಕಿ ಅನ್ನೋರಿಗೆ ನಾನು ಈಗ ಈ ಹೆಸರು ಹೇಳ್ತೀನಿ.

ಡಿಲೋಡ್ ವಾರ ಮುಗಿಸಿ ಬಂದ ಸೋಮವಾರ 60 ಕೆಜಿ ಆರು ಸಲ ಎದ್ದಿತು. ಹದಿನಾಲ್ಕು ವಾರದಲ್ಲಿ ಮೊದಲ ಬಾರಿಗೆ ಪುಟದಲ್ಲಿ ಬೇರೆ ಅಂಕಿ.

ಎರಡನೆಯದು ನಿದ್ದೆ. ನಮ್ಮ ಕ್ಲೈಂಟ್ ಅಮೆರಿಕದವರು. ಮಂಗಳವಾರ, ಗುರುವಾರ ರಾತ್ರಿ ಹನ್ನೊಂದೂವರೆವರೆಗೆ ಕಾಲ್ ಇರುತ್ತೆ. ಅದನ್ನ ಬದಲಾಯಿಸೋದು ನನ್ನ ಕೈಲಿಲ್ಲ, ಜಿಮ್ ದಿನ ಬದಲಾಯಿಸೋದು ನನ್ನ ಕೈಲಿದೆ. ಸೋಮ, ಗುರು, ಶನಿ ಬೆಳಿಗ್ಗೆ ಅಂತ ಮಾಡಿಕೊಂಡೆ. ಕಾಲ್ ಮುಗಿದ ಮರುದಿನ ಐದಕ್ಕೆ ಏಳೋ ಪ್ರಮೇಯ ಇಲ್ಲ. ಹೊಸದಾಗಿ ಏನೂ ಮಾಡಲಿಲ್ಲ, ಇದ್ದದ್ದನ್ನೇ ಜರುಗಿಸಿದ್ದು.

ಮೂರನೆಯದು ಊಟ. ಮೂರು ದಿನ ತಿಂದದ್ದೆಲ್ಲಾ ಬರೆದಿಟ್ಟೆ. ನಮ್ಮ ಊಟ ಒಳ್ಳೆಯದೇ: ಮುದ್ದೆ, ಸೊಪ್ಪಿನ ಸಾರು, ಅನ್ನ, ಮಜ್ಜಿಗೆ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, 100 ಗ್ರಾಂಗೆ 340 ಮಿಲಿಗ್ರಾಂ ಮೇಲೆ. ಆದರೆ ಪ್ರೋಟೀನ್ ಲೆಕ್ಕ ಹಾಕಿದರೆ ದಿನಕ್ಕೆ 45 ಗ್ರಾಂ ಆಸುಪಾಸು. ಸಾಮಾನ್ಯ ಮನುಷ್ಯರಿಗೆ ಕೆಜಿ ತೂಕಕ್ಕೆ 0.83 ಗ್ರಾಂ ಸಾಕು ಅನ್ನುತ್ತೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಅದರ ಪ್ರಕಾರ ನನಗೆ 48. ಭಾರ ಎತ್ತಿ ಸ್ನಾಯು ಕಟ್ಟೋರಿಗೆ 1.6ರವರೆಗೆ ಪ್ರಯೋಜನ ಇದೆ ಅನ್ನುತ್ತವೆ ಅಧ್ಯಯನಗಳು. ಅಂದರೆ 93.

ಡಬ್ಬದ ಪೌಡರ್ ಕಡೆ ಹೋಗಲಿಲ್ಲ. ಎರಡು ಬೇಯಿಸಿದ ಮೊಟ್ಟೆ, 12 ಗ್ರಾಂ. ಡೈರಿಗೆ ಹೋಗೋ ಮೊದಲು ಮನೆಗೆ ಎತ್ತಿಟ್ಟ ಒಂದೂವರೆ ಲೋಟ ಹಾಲು, 10 ಗ್ರಾಂ. ಒಂದು ಹಿಡಿ ಹುರುಳಿಕಾಳೋ ಅವರೆಕಾಳೋ ದಿನಾ ಸಾರಿಗೆ ಬೀಳಲೇಬೇಕು, ಇನ್ನೊಂದು 11. ಮುದ್ದೆ ಸ್ವಲ್ಪ ಸಣ್ಣದಾಯ್ತು, ಕಾಳು ಜಾಸ್ತಿ ಆಯ್ತು. 93 ಮುಟ್ಟಲಿಲ್ಲ, 80ರ ಹತ್ತಿರ ನಿಂತಿತು. ಅಷ್ಟಕ್ಕೇ ವ್ಯತ್ಯಾಸ ಗೊತ್ತಾಯ್ತು. ಮನೆಗೆ ಹಾಲು ಎತ್ತಿಡೋ ರೂಢಿ ಶುರುವಾದ ಮೇಲೆ ಅಮ್ಮನಿಗೂ ಲೋಟ ಬಂತು.

ಅರ್ಧ ಕೆಜಿ ರಾಗಿ ಚೀಲ

ನಾಲ್ಕನೆಯದು ನನಗೆ ಬಹಳ ಇಷ್ಟ. ನಮ್ಮ ಜಿಮ್ಮಿನಲ್ಲಿ ಇರೋದರಲ್ಲಿ ಸಣ್ಣ ಪ್ಲೇಟ್ 2.5 ಕೆಜಿಯದು. ಎರಡೂ ಕಡೆ ಹಾಕಿದರೆ 5 ಕೆಜಿ. 120 ಕೆಜಿ ಎತ್ತೋ ಗಂಡಸಿಗೆ 5 ಕೆಜಿ ಅಂದರೆ ಶೇ 4 ಏರಿಕೆ. 60 ಎತ್ತೋ ನನಗೆ ಅದು ಶೇ 8ಕ್ಕಿಂತ ಜಾಸ್ತಿ. ತಲೆ ಮೇಲೆ ಎತ್ತೋ ವ್ಯಾಯಾಮದಲ್ಲಿ 20ರಿಂದ 25ಕ್ಕೆ ಹೋಗೋದು ಅಂದರೆ ಶೇ 25. ಮೆಟ್ಟಿಲಿನ ಎತ್ತರವೇ ಜಾಸ್ತಿ ಇದ್ದರೆ ಕಾಲಿನದೇನು ತಪ್ಪು?

ಅಮ್ಮ ಹಳೇ ಪಂಚೆ ಹರಿದು ಎರಡು ಪುಟ್ಟ ಚೀಲ ಹೊಲಿದುಕೊಟ್ಟಳು. ಅಂಗಡಿ ತಕ್ಕಡಿಯಲ್ಲಿ ತೂಗಿ ಒಂದೊಂದರಲ್ಲೂ ಅರ್ಧ ಕೆಜಿ ರಾಗಿ ತುಂಬಿ ಕಂಬಿಯ ಎರಡು ತುದಿಗೆ ಬಿಗಿಯಾಗಿ ಕಟ್ಟಿದೆ. 61 ಕೆಜಿ. ಕೋಚ್ ಹುಡುಗ ಮೊದಲು ನಕ್ಕ. ತಿಂಗಳಾದ ಮೇಲೆ ಓನರ್‌ಗೆ ಹೇಳಿ 1.25 ಕೆಜಿ ಪ್ಲೇಟುಗಳನ್ನು ಅವನೇ ತರಿಸಿದ. ಈಗ ಆ ಪ್ಲೇಟುಗಳಿಗೆ ಅಲ್ಲಿ ಬರೋ ಹೆಂಗಸರೆಲ್ಲಾ ಸರದಿ ನಿಲ್ತಾರೆ.

ಜತೆಗೆ ಒಂದು ನಿಯಮ: ಭಾರ ಏರಿಸೋ ಮೊದಲು ಸಂಖ್ಯೆ ಏರಿಸೋದು. ಐದು ಸಲ ಎತ್ತುತ್ತಿದ್ದದ್ದು ಎಂಟು ಸಲ ಆಗೋವರೆಗೂ ಅದೇ ಭಾರ. ಎಂಟಾದ ಮೇಲೆ ಸ್ವಲ್ಪ ಏರಿಸಿ ಮತ್ತೆ ಐದರಿಂದ. ಹೀಗೆ ಮಾಡಿದರೆ ಅಂಕಿ ನಿಂತ ಹಾಗೆ ಕಂಡರೂ ಕೆಲಸ ನಿಂತಿರೋದಿಲ್ಲ.

ರಕ್ತ ಹೇಳಿದ ಮಾತು

ಇಷ್ಟಾದರೂ ಒಂದು ವಿಷಯ ಕಾಡುತ್ತಿತ್ತು. ಏಳನೇ ಸಲಕ್ಕೆ ಸ್ನಾಯು ಸೋಲೋ ಮೊದಲು ಉಸಿರು ಸೋಲುತ್ತಿತ್ತು. ಕಣ್ಣು ಮಂಜಾಗುತ್ತಿತ್ತು. ಮಹಡಿಗೆ ಬಟ್ಟೆ ಒಣಗಿಹಾಕೋಕೆ ಹೋದರೂ ಎದೆ ಬಡಿತ. ಕೆಲಸದ ಒತ್ತಡ ಅಂತ ಯಾರು ಬೇಕಾದರೂ ಹೇಳಬಹುದು. ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 10.4.

ಗರ್ಭಿಣಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಸ್ನಾಯುವಿಗೆ ಆಮ್ಲಜನಕ ಹೊತ್ತು ಹೋಗೋ ಗಾಡಿಯೇ ಕಡಿಮೆ ಇದ್ದಾಗ ಎಷ್ಟು ಪುಶ್ ಮಾಡಿದರೇನು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು. ಅಂದರೆ ಜಿಮ್ಮಿನಲ್ಲಿ ನನ್ನ ಪಕ್ಕ ನಿಂತ ಹುಡುಗಿಗೂ ಇರಬಹುದು, ಇದನ್ನ ಓದ್ತಿರೋ ನಿಮಗೂ ಇರಬಹುದು. ನಮಗೆ ಸುಸ್ತು ಎಷ್ಟು ಅಭ್ಯಾಸ ಆಗಿರುತ್ತೆ ಅಂದರೆ ಅದೇ ನಮ್ಮ ಮಾಮೂಲಿ ಅಂದುಕೊಂಡಿರ್ತೀವಿ. ಭಾರ ಎತ್ತದೇ ಇದ್ದಿದ್ದರೆ ನನಗೆ ಇದು ಗೊತ್ತೇ ಆಗ್ತಿರಲಿಲ್ಲ.

ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಮುಟ್ಟಿನ ರಕ್ತಸ್ರಾವ ಎಷ್ಟು, ಥೈರಾಯ್ಡ್ ಹೇಗಿದೆ ಅಂತಲೂ ನೋಡಿದರು. ಊಟದ ಜತೆ ಟೀ ಬೇಡ ಅಂದರು. ಟೀಯಲ್ಲಿರೋ ಟ್ಯಾನಿನ್ ಕಬ್ಬಿಣ ಮೈಗೆ ಹತ್ತೋಕೆ ಬಿಡೋದಿಲ್ಲ. ಸೊಪ್ಪು, ಕಾಳಿನ ಮೇಲೆ ನಿಂಬೆಹಣ್ಣು ಹಿಂಡಿದರೆ ಅದರ ವಿಟಮಿನ್ ಸಿ ಕಬ್ಬಿಣ ಹತ್ತೋಕೆ ಸಹಾಯ ಮಾಡುತ್ತೆ. ಮೂರು ತಿಂಗಳಿಗೆ 12.3 ಆಯ್ತು. ಆ ಮೂರು ತಿಂಗಳಲ್ಲಿ ಕಂಬಿಯ ಮೇಲಿನ ಭಾರ 61ರಿಂದ 67.5ಕ್ಕೆ ಬಂತು. ಮಾತ್ರೆಯಿಂದ ಎಷ್ಟು, ಮೊಟ್ಟೆಯಿಂದ ಎಷ್ಟು, ನಿದ್ದೆಯಿಂದ ಎಷ್ಟು ಅಂತ ಬೇರೆ ಬೇರೆ ಮಾಡಿ ಹೇಳೋಕಾಗಲ್ಲ. ಕೆರೆ ತುಂಬಿದ ಮೇಲೆ ಯಾವ ಕಾಲುವೆಯ ನೀರು ಎಷ್ಟು ಅಂತ ಯಾರು ಅಳೀತಾರೆ?

ಕುರ್ಚಿಯಿಂದ ಸ್ಟೂಲಿಗೆ

ಇದೇ ಹೊತ್ತಿಗೆ ಅಮ್ಮನೂ ನಿಂತಲ್ಲೇ ನಿಂತಿದ್ದಳು. ಕೈ ವಾಸಿಯಾದ ಮೇಲೆ ಫಿಸಿಯೋಥೆರಪಿಸ್ಟ್ ಅವಳಿಗೆ ಕಾಲಿಗೆ ಬಲ ಬರೋ ವ್ಯಾಯಾಮ ಕೊಟ್ಟಿದ್ದರು. ಕಾಲು ಗಟ್ಟಿ ಇದ್ದರೆ ಬೀಳೋದು ಕಡಿಮೆ, ಬೀಳೋದು ಕಡಿಮೆಯಾದರೆ ಮುರಿಯೋದು ಕಡಿಮೆ. ಎದೆ ಮೇಲೆ ಕೈ ಕಟ್ಕೊಂಡು ಕುರ್ಚಿಯಿಂದ ಎದ್ದು ನಿಲ್ಲೋದು, ಮತ್ತೆ ಕೂರೋದು. ಮೂವತ್ತು ಸೆಕೆಂಡಿಗೆ ಎಷ್ಟು ಸಲ ಅಂತ ಎಣಿಸೋದು. ಆರಂಭದಲ್ಲಿ ಏಳು ಇತ್ತು, ಹತ್ತಕ್ಕೆ ಬಂತು, ಎರಡು ತಿಂಗಳಾದರೂ ಹನ್ನೊಂದು ಆಗಲಿಲ್ಲ. ಅಮ್ಮ ದಿನಾ, ಒಂದು ದಿನವೂ ತಪ್ಪಿಸದೆ ಮಾಡುತ್ತಿದ್ದಳು.

"ನನ್ನ ಕೈಲಿ ಇಷ್ಟೇ ಆಗೋದು ಬಿಡು. ವಯಸ್ಸಾಯ್ತಲ್ಲ" ಅಂದಳು.

ನನಗೆ ನಿಜವಾಗಿ ಭಯ ಆದದ್ದು ಆ ಮಾತಿಗೆ. ನನ್ನ 60 ಕೆಜಿ ನಿಂತರೆ ಹೋಗೋದೇನಿಲ್ಲ. ಅವಳ ಹತ್ತು ಅಲ್ಲೇ ನಿಂತು, ಆಮೇಲೆ ಒಂಬತ್ತಾಗಿ, ಎಂಟಾದರೆ, ಮುಂದಿನ ಸಲ ಜಾರಿದಾಗ ಮುರಿಯೋದು ಮಣಿಕಟ್ಟು ಆಗಿರದೆ ಸೊಂಟದ ಮೂಳೆ ಆಗಬಹುದು. ನಮ್ಮ ಬೀದಿಯಲ್ಲಿ ಸೊಂಟ ಮುರಿದು ಹಾಸಿಗೆ ಹಿಡಿದ ಅಜ್ಜಿಯರು ಮತ್ತೆ ಎದ್ದು ಓಡಾಡಿದ್ದನ್ನು ನಾನು ಹೆಚ್ಚು ಕಂಡಿಲ್ಲ.

ಎರಡನೇ ಮಹಾಯುದ್ಧದ ಕೊನೆಯಲ್ಲಿ ಥಾಮಸ್ ಡೆಲಾರ್ಮ್ ಅನ್ನೋ ಅಮೆರಿಕದ ಸೇನಾ ವೈದ್ಯ ಗಾಯಗೊಂಡ ಸೈನಿಕರಿಗೆ ಚಿಕಿತ್ಸೆ ಕೊಡುವಾಗ ಇದೇ ಸಮಸ್ಯೆ ನೋಡಿದ್ದರು. ಆಗಿನ ಪದ್ಧತಿ ಹಗುರವಾದ ವ್ಯಾಯಾಮವನ್ನೇ ನೂರಾರು ಸಲ ಮಾಡಿಸೋದು. ಅವರು ಸಂಖ್ಯೆ ಕಡಿಮೆ ಮಾಡಿ, ಭಾರವನ್ನು ಅಳೆದು ಏರಿಸುತ್ತಾ ಹೋಗುವ ಕ್ರಮ ತಂದರು. 1945ರಲ್ಲಿ ಅದನ್ನು ಪ್ರಕಟಿಸಿದರು. ಇವತ್ತು ಜಿಮ್ಮಿನಲ್ಲಿ ನಾವು ಮಾಡೋ ಸೆಟ್, ರೆಪ್ಸ್ ಲೆಕ್ಕಕ್ಕೆ ಅಡಿಪಾಯ ಹಾಕಿದವರಲ್ಲಿ ಅವರೊಬ್ಬರು. ಆ ಲೆಕ್ಕದ ಒಂದು ಬೇರು ಇರೋದು ಹೀಗೆ ಆಸ್ಪತ್ರೆಯಲ್ಲಿ, ಮಂಡಿ ಪೆಟ್ಟಾದವರ ಮಂಚದ ಪಕ್ಕ.

ಫಿಸಿಯೋಥೆರಪಿಸ್ಟ್‌ಗೆ ಫೋನ್ ಮಾಡಿ ಕೇಳಿದೆ. ಅವರು ಮೂರು ಬದಲಾವಣೆ ಹೇಳಿದರು. ದಿನಾ ಬೇಡ, ದಿನ ಬಿಟ್ಟು ದಿನ. ಕುರ್ಚಿಯ ಬದಲು ಸ್ವಲ್ಪ ತಗ್ಗಿನ ಸ್ಟೂಲು, ಗೋಡೆಗೆ ಒರಗಿಸಿಟ್ಟು, ಪಕ್ಕದಲ್ಲಿ ಹಿಡಿಯೋಕೆ ಆಸರೆ ಇರಬೇಕು. ಅದು ಸಲೀಸಾದ ಮೇಲೆ ಎದೆಗೆ ಒಂದು ಲೀಟರ್ ನೀರಿನ ಬಾಟಲಿ ಅವಚಿಕೊಂಡು.

ಬಿಡುವು ಕೊಡಬೇಕು ಅಂದಾಗ ಅಮ್ಮ ಒಪ್ಪೋದಿಲ್ಲ ಅಂದುಕೊಂಡಿದ್ದೆ. ಅವಳು ತಲೆ ಆಡಿಸಿ, "ಟೊಮೆಟೊ ಕಿತ್ತ ಹೊಲಕ್ಕೆ ತಿರುಗಿ ಟೊಮೆಟೊ ಹಾಕಿದ್ರೆ ರೋಗ ಬರುತ್ತೆ ಅಂತ ನಿಮ್ಮಪ್ಪಂಗೆ ಎಷ್ಟು ಸಲ ಹೇಳಿದ್ದೀನಿ. ರಾಗಿ ಹಾಕ್ಬೇಕು ಮಧ್ಯ" ಅಂದಳು. ಒಳಗಡೆಯಿಂದ ಅಪ್ಪ, "ಈಗ ನನ್ನ ವಿಷಯ ಯಾಕೆ?" ಅಂದರು.

ಸ್ಟೂಲಿನಿಂದ ಮೊದಲ ವಾರ ಆರು ಸಲ ಎದ್ದಳು. ಅಂಕಿ ಇಳಿಯಿತು ಅಂತ ಮುಖ ಸಪ್ಪೆ ಆಯ್ತು. ಆರು ವಾರ ಕಳೆದು ಮತ್ತೆ ಹಳೇ ಕುರ್ಚಿ ಇಟ್ಟು ಎಣಿಸಿದೆವು. ಹದಿಮೂರು. ಈಗ ನೆಲದ ಮೇಲೆ ಕೂತವಳು ಕೈ ಊರದೆ ಏಳ್ತಾಳೆ. ಕೊಟ್ಟಿಗೆಗೆ ಒರಟು ನೆಲ ಹಾಕಿಸಿದ್ದೀವಿ, ಲೈಟ್ ಹಾಕಿಸಿದ್ದೀವಿ. ಮಾತ್ರೆ ನಡೀತಾ ಇದೆ. ಮುಂದಿನ ವರ್ಷದ ಸ್ಕ್ಯಾನ್ ಏನು ಹೇಳುತ್ತೋ ನೋಡಬೇಕು.

ನೀವೂ ನಿಂತಿದ್ದರೆ

ಎರಡು ಮೂರು ವಾರ ಅಂಕಿ ಏರದೇ ಇದ್ದರೆ ಅದು ಪ್ಲಾಟೂ ಅಲ್ಲ, ಮಾಮೂಲಿ. ಆರು ಎಂಟು ವಾರ ಆದರೆ ನೋಟ್‌ಬುಕ್ ತೆಗೀರಿ. ಬರೆದಿಟ್ಟಿಲ್ಲ ಅಂದರೆ ಇವತ್ತಿಂದ ಬರೀರಿ. ಭಾರ, ಸಂಖ್ಯೆ, ನಿದ್ದೆ ಎಷ್ಟು ಗಂಟೆ, ಇಷ್ಟು ಸಾಕು.

ಆಮೇಲೆ ಈ ಕ್ರಮದಲ್ಲಿ ಕೇಳಿಕೊಳ್ಳಿ. ಹೋದ ಎರಡು ತಿಂಗಳಲ್ಲಿ ಒಂದು ವಾರವಾದರೂ ಹಗುರವಾಗಿ ಮಾಡಿದ್ದೀನಾ? ವ್ಯಾಯಾಮದ ಹಿಂದಿನ ರಾತ್ರಿ ಏಳು ಗಂಟೆ ಮಲಗಿದ್ದೀನಾ? ತಟ್ಟೆಯಲ್ಲಿ ಕಾಳು, ಮೊಟ್ಟೆ, ಹಾಲು ಎಷ್ಟಿದೆ? ನಾನು ಏರಿಸ್ತಿರೋ ಹೆಜ್ಜೆ ನನ್ನ ಮೈಗೆ ದೊಡ್ಡದಾ? ಒಂದೊಂದನ್ನೇ ಬದಲಾಯಿಸಿ, ಮೂರು ವಾರ ಕೊಟ್ಟು ನೋಡಿ. ಬೇಗ ಉಸಿರು ಕಟ್ಟೋದು, ತಲೆಸುತ್ತು, ಮುಟ್ಟು ಏರುಪೇರು, ಎಷ್ಟು ಮಲಗಿದರೂ ಸುಸ್ತು ಇದ್ದರೆ ಜಿಮ್ ಕೋಚ್‌ಗಿಂತ ಮೊದಲು ಡಾಕ್ಟರನ್ನು ನೋಡಿ. ಕೀಲು ನೋವಿದ್ದರೆ ಅದರ ಮೇಲೆ ಭಾರ ಹಾಕಬೇಡಿ.

ನಾನೀಗ 75 ಕೆಜಿ ಐದು ಸಲ ಎತ್ತುತ್ತೀನಿ. 60ರಿಂದ ಇಲ್ಲಿಗೆ ಬರೋಕೆ ಏಳು ತಿಂಗಳು ಹಿಡೀತು. ಮೊದಲ 30 ಕೆಜಿ ಏರಿಕೆಗೆ ನಾಲ್ಕೇ ತಿಂಗಳು ಸಾಕಾಗಿತ್ತು, ಆಮೇಲಿನ 15ಕ್ಕೆ ಏಳು. ಮುಂದಿನ 15ಕ್ಕೆ ಎರಡು ವರ್ಷ ಬೇಕಾಗಬಹುದು. ಕಳೆದ ನಾಲ್ಕು ವಾರದಿಂದ 75ರ ಹತ್ತಿರವೇ ಸುತ್ತುತ್ತಿದ್ದೀನಿ. ಬರೋ ಸೋಮವಾರದಿಂದ ಹಗುರ ವಾರ, ಅದೇ ವಾರ ಮತ್ತೆ ರಕ್ತ ಪರೀಕ್ಷೆಗೂ ಕೊಡಬೇಕು. ಲ್ಯಾಬಿಗೆ ಜತೆಗೆ ಪಕ್ಕದ್ಮನೆ ಅತ್ತೆಯೂ ಬರ್ತೀನಿ ಅಂದಿದ್ದಾರೆ. ಮೆಟ್ಟಿಲು ಹತ್ತಿದರೆ ಅವರಿಗೂ ಎದೆ ಬಡಿಯುತ್ತಂತೆ.